ಸೊಸೆಯ ಹೆಸರಿನ ಕಟ್ಟಡ

"ಬರಿಗಾಲು!" ಎಂದಳು ಶ್ರೀವಾಣಿ.

ರಾಣೇಬೆನ್ನೂರಿನ ಆ ಕಟ್ಟಡದ ಟೆರೇಸಿನ ಮೇಲೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಂಡಿಯೂರಿ ಕುಳಿತು, ಅವಳು ಆಗಿನಿಂದ ನೆಲವನ್ನೇ ದಿಟ್ಟಿಸುತ್ತಿದ್ದಳು. ಬಿಸಿಲು ತಡೆಯಲೆಂದು ಭಾನುವಾರ ಬೆಳಿಗ್ಗೆಯಷ್ಟೇ ಹಚ್ಚಿಸಿದ್ದ ಬಿಳಿ ಬಣ್ಣ. ಅದರ ಮೇಲೆ ಪೊಲೀಸರ ಬೂಟುಗಳು ಸಂತೆ ನಡೆಸಿ ಹೋಗಿದ್ದವು. ಆದರೂ ಮುಂಗೋಡೆಯ ಬುಡದಲ್ಲಿ, ನೆರಳು ಬೀಳುವ ಕಡೆ, ಹಸಿ ಬಣ್ಣದಲ್ಲಿ ಒತ್ತಿ ಕೂತ ಹೆಜ್ಜೆಯ ಜೋಡಿಯೊಂದು ಹೇಗೋ ಉಳಿದುಕೊಂಡಿತ್ತು. ಸಣ್ಣ ಪಾದ. ಐದೂ ಬೆರಳು ಸ್ಪಷ್ಟ.

"ಹೆಣ್ಣಮಗಳ ಕಾಲು ಅಂತ ನಮಗೂ ಗೊತ್ತಾಗೇತ್ರಿ ಬಾಯಾರ," ಎಂದ ಇನ್ಸ್‌ಪೆಕ್ಟರ್ ಅಶ್ಫಾಕ, ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತ. "ಅದಕ್ಕ ಪ್ರಿಯಾಂಕಾನ್ನ ಹಿಡದೇವಿ. ಅಪ್ಪನ ಕೂಡ ಜಗಳಾ ಮಾಡ್ಯಾಳ, ಅಳಕೋತ ಓಡ್ಯಾಳ. ಇನ್ನೇನ ಬೇಕು?"

ಭಾನುವಾರ ಮಧ್ಯಾಹ್ನ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಡಾಕಪ್ಪ ಇದೇ ಮುಂಗೋಡೆಯಿಂದ ಕೆಳಗೆ ಬಿದ್ದಿದ್ದ. ಮೌಲಾಸಾಬನ ಚಹಾದಂಗಡಿಯ ತಗಡು ಅಡ್ಡ ಬಂದದ್ದರಿಂದ ಜೀವವೊಂದು ಉಳಿದು, ದಾವಣಗೆರೆಯ ಆಸ್ಪತ್ರೆಯಲ್ಲಿ ಕಣ್ಣು ತೆರೆಯದೆ ಮಲಗಿದ್ದ. ನೂಕಿದವಳು ಮಗಳೇ ಎಂದು ಪೊಲೀಸರು ಪ್ರಿಯಾಂಕಾಳನ್ನು ಈ ದಿನ ಹಿಡಿದಿದ್ದರು, ನಾಳೆ ಕೋರ್ಟಿಗೆ. ಅವಳನ್ನು ಬಿಡಿಸಿಕೊಂಡು ಬರುತ್ತೇನೆಂದು ಅವಳ ತಾಯಿ ಮರಿಯವ್ವನಿಗೆ ಶ್ರೀವಾಣಿ ಮಾತು ಕೊಟ್ಟಾಗಿತ್ತು.

ಮುಂಗೋಡೆಯ ಹೊರಮೈಗೆ ಆಳೆತ್ತರದ ಸ್ಟೀಲಿನ ಅಕ್ಷರಗಳು: ಸುಶ್ಮಿತಾ ಕಾಂಪ್ಲೆಕ್ಸ್. ಅದರಲ್ಲಿ ಮೊದಲನೆಯ ಅಕ್ಷರ ಒಂದೇ ಬೋಲ್ಟಿನ ಮೇಲೆ ಓಲಾಡುತ್ತಿತ್ತು. ಭಾನುವಾರ ಡಾಕಪ್ಪ ಸ್ಪ್ಯಾನರ್ ಹಿಡಿದು, ಗೋಡೆಯಿಂದಾಚೆ ಬಗ್ಗಿ, ಸೊಸೆಯ ಹೆಸರನ್ನು ತಾನೇ ಬಿಚ್ಚುತ್ತಿದ್ದ. ಆಳು ಕರೆದರೆ ಕೂಲಿ ಕೊಡಬೇಕಲ್ಲ! ಅಂಥ ಮನುಷ್ಯ.

"ನನಗ ಒಂದ ತಿಳೀವಲ್ದು," ಎಂದ ಅಶ್ಫಾಕ. "ಸೊಸಿಗೆ ದಾನಪತ್ರ ಬರದು ಕೊಟ್ಟ ಬಿಲ್ಡಿಂಗು. ಈಗ ಅದನ್ನ ಮಗಳ ಹೆಸರಿಗೆ ಹೊಳ್ಳಸಾಕ ಯಾಕ ಹೊಂಟಿದ್ದ?"

"ತೆರಿಗಿ ಸಲುವಾಗಿ," ಎಂದಳು ಶ್ರೀವಾಣಿ, ಮಂಡಿ ಕೊಡವಿಕೊಂಡು ಎದ್ದು. "ಸೊಸೆಗೆ ಆಸ್ತಿ ದಾನಾ ಕೊಟ್ರ ಅದರ ಬಾಡಿಗಿ ಮಾವನ ಆದಾಯಕ್ಕೇ ಸೇರ್ತದ್ರಿ. ಹೆಸರು ಸೊಸೇದು, ತೆರಿಗಿ ಮಾವಂದು. ಹೆಂಡತಿಗೆ ಕೊಟ್ರೂ ಹಂಗ. ಆದ್ರ ದೊಡ್ಡಾಕಿ ಆದ ಮಗಳಿಗೆ ಕೊಟ್ರ ಬಾಡಿಗಿನೂ ಆಕೀದ, ತೆರಿಗಿನೂ ಆಕೀದ. ಪ್ರಿಯಾಂಕಾಗ ಬ್ಯಾರೆ ಗಳಿಕಿ ಇಲ್ಲ. ತೆರಿಗಿ ಹೆಚ್ಚುಕಮ್ಮಿ ಇಲ್ಲೇ ಇಲ್ಲ ಅನ್ರಿ."

"ಮಗಾ ಮಾಂತೇಶಗ ಕೊಡಬೇಕಿತ್ತು."

"ಅವನ ದಲಾಲಿ ಅಂಗಡಿ ಗಳಿಕಿ ಆಗಲೇ ಮ್ಯಾಲಿನ ದರದಾಗ ಅದ. ಅದಕ್ಕ ಇದೂ ಸೇರಿದ್ರ ಏನ ಉಳೀತು?"

"ಅಂದ್ರ ಕಾನೂನಿಗೆ ಸೊಸಿ ಬ್ಯಾರೆ, ಮಗಳು ಬ್ಯಾರೆ!" ಅಶ್ಫಾಕ ನಕ್ಕ. "ವಿಕ್ರಮ ಸಾಹೇಬ್ರೂ ಇದನ್ನ ಹೇಳಿದ್ರು ನೋಡ್ರಿ, ನನಗ ಆಗ ಹತ್ತಲಿಲ್ಲ. ನಿಮ್ಮ ತಮ್ಮ ಅಂದ್ರ ಏನ್ ಶಾಣ್ಯಾ ಮನಶ್ಯಾರಿ!"

ಶ್ರೀವಾಣಿಯ ಮೈ ಉರಿದುಹೋಯಿತು.

ಹೇಳಿದ್ದು ಇವಳು, ಬಿಡಿಸಿ ಹೇಳಿದ್ದು ಇವಳು, ಶಾಣ್ಯಾ ಮಾತ್ರ ತಮ್ಮ. ಹುಟ್ಟಿದಂದಿನಿಂದ ಇದೇ ಹಾಡು. ಸೊಸೆಯ ಹೆಸರಿಗೆ ಬರೆಯಿರಿ, ತೆರಿಗೆ ಉಳಿಯುತ್ತದೆ ಎಂದು ಅಂದು ಡಾಕಪ್ಪನಿಗೆ ಹೇಳಿದವನೂ ಆ ಶಾಣ್ಯಾನೇ. ತೆರಿಗೆ ಇಲಾಖೆಯ ನೋಟಿಸು ಬಂದು ಡಾಕಪ್ಪ ಎದೆ ಹಿಡಿದುಕೊಂಡ ಮೇಲೆ, ಹಾಗಾದರೆ ಮಗಳ ಹೆಸರಿಗೆ ಮಾಡೋಣ ಎಂದವನೂ ಅವನೇ. ಎರಡು ಸಲವೂ ಫೀ ತಗೊಂಡಿದ್ದ, ಬಿಟ್ಟಿದ್ದನೇನು?

* * *

ಕೆಳಗೆ ಮೌಲಾಸಾಬ ನುಗ್ಗಾದ ತಗಡಿನ ಕೆಳಗೇ ಚಹಾ ಸೋಸುತ್ತಿದ್ದ.

"ಆ ಹುಡುಗಿ ಅಳಕೋತ ಇಳದದ್ದನ್ನ ನೀವ ನೋಡೀರಿ?" ಎಂದು ಕೇಳಿದಳು ಶ್ರೀವಾಣಿ.

"ನೋಡೇನ್ರಿ. ನೋಡೂಕಿಂತ ಮೊದಲ ಕೇಳೇನಿ. ಎತ್ತರದ ಚಪ್ಪಲಿ ನೋಡ್ರಿ ಅವು, ಟಕ್ ಟಕ್ ಟಕ್ ಅಂತ ಮೆಟ್ಟಲ ಇಳದ್ಲು. ಮೆಟ್ಟಲ ಮುರೀತಾಳೇನ ಅಂತ ನಾ ತಲಿ ಎತ್ತಿದ್ನಿ. ಕಣ್ಣ ತುಂಬ ನೀರು, ಪಾಪ. ಆಮ್ಯಾಲೆ ನಾ ಮಂದಿಗೆ ಚಹಾ ಕೊಡಾಕ ಹೋದ್ನಿ; ಆಕಿ ಹೊಳ್ಳಿ ಹತ್ತಿ ನೂಕ್ಯಾಳ ಅಂತಾರ ಪೊಲೀಸರು."

"ಕಾಲಾಗ ಚಪ್ಪಲಿ ಇತ್ತು?"

"ಇತ್ತಂತೀನಲ್ರಿ! ಬರಿಗಾಲಾಗಿದ್ರ ನನಗ ಹೆಂಗ ಕೇಳತಿತ್ತು?"

ಶ್ರೀವಾಣಿ ಚಹಾದ ಕಪ್ಪನ್ನು ಬಾಯಿಗೆ ಒಯ್ಯುವುದನ್ನೇ ಮರೆತಳು. ಆ ಉರಿಬಿಸಿಲಿನಲ್ಲಿ, ಕಾಲು ಚುರ್ರೆನ್ನುವ ಟೆರೇಸಿನ ಮೇಲೆ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತ ಹೆಂಗಸು ಯಾರು? ಪ್ರಿಯಾಂಕಾ ಅಲ್ಲ. ಮತ್ತೆ ಯಾರು? ಹಿಂದಿನಿಂದ, ಗಾಡಿ ನಿಲ್ಲಿಸುವ ಕಡೆಯಿಂದ ಇನ್ನೊಂದು ಮೆಟ್ಟಿಲಿತ್ತು. ಅಲ್ಲಿ ಚಹಾದಂಗಡಿಯೂ ಇಲ್ಲ, ಮೌಲಾಸಾಬನೂ ಇಲ್ಲ.

ತಲೆ ಎತ್ತಿದರೆ ಅದೇ ಕಟ್ಟಡದ ಮೊದಲನೇ ಅಂತಸ್ತಿನ ಗಾಜಿನ ಬಾಗಿಲು. ತಮ್ಮ ವಿಕ್ರಮನ ಹೊಸ ಆಫೀಸು. ಬಂಗಾರದ ಬಣ್ಣದ ಅಕ್ಷರಗಳಲ್ಲಿ ಬರೆಸಿದ್ದ: ಅಣ್ಣಾಜಿ ಅಂಡ್ ಸನ್, ತೆರಿಗೆ ಸಲಹೆಗಾರರು.

ಅಂಡ್ ಸನ್ ಅಂತೆ! ಹಾವೇರಿಯ ಹಳೆಯ ಆಫೀಸಿನಲ್ಲಿ ಅಪ್ಪ ಅಣ್ಣಾಜಿಯವರ ಪಕ್ಕದ ಕುರ್ಚಿಯಲ್ಲಿ ಕೂತು, ಊರಿನವರ ರಿಟರ್ನುಗಳನ್ನೆಲ್ಲ ತುಂಬಿದವಳು ಯಾರು? ಆಸ್ತಿ ಯಾರ ಹೆಸರಿನಲ್ಲಿದ್ದರೆ ಯಾರಿಗೆ ಹೊರೆ ಎಂಬುದನ್ನು ಅಪ್ಪನ ಬಾಯಿಂದ ಒಂದೊಂದಾಗಿ ಕಲಿತವಳು ಯಾರು? ಆ ಹೊತ್ತಿಗೆ ಸನ್ ಎನ್ನುವವನು ಕ್ರಿಕೆಟ್ ಬ್ಯಾಟು ಹಿಡಿದು ಹೊಸರಿತ್ತಿಯ ತನಕ ಟೂರ್ನಮೆಂಟಿಗೆ ತಿರುಗುತ್ತಿದ್ದ. ಕೊನೆಗೆ ಬೀಗದ ಕೈ ಅವನಿಗೆ. ಮಗಳು ಇವತ್ತಲ್ಲ ನಾಳೆ ಹೋಗುವವಳು ಎಂದರು ಅಪ್ಪ. ಮಗಳು ಎಲ್ಲಿಗೂ ಹೋಗಲಿಲ್ಲ, ಹೋಗಿದ್ದು ಆಫೀಸು. ಆಮೇಲೆ ಅವಳು ಮಾಡಿದ್ದು ಈ ಕೆಲಸ: ಆಸ್ತಿ ಕೊಳ್ಳುವವರಿಗೆ ಮಾರುವವರ ಒಳಹೊರಗು ಹುಡುಕಿಕೊಡುವುದು, ಇಂಥ ಪ್ರಕರಣ ಬಂದರೆ ಇದನ್ನೂ ಹಿಡಿಯುವುದು.

ಇಲ್ಲಿ ನೋಡಿದರೆ, ಮೆಣಸಿನಕಾಯಿ ಚೀಲ ಎಣಿಸುವ ಡಾಕಪ್ಪ ಮಗಳಿಗೆ ಇಡೀ ಕಟ್ಟಡ ಕೊಡಲು ಹೊರಟಿದ್ದ. ತೆರಿಗೆಯ ನೆಪವೇ ಇರಲಿ, ಕೊಡುವ ಅಪ್ಪಂದಿರೂ ಇರುತ್ತಾರೆ. ಪ್ರಿಯಾಂಕಾಳನ್ನು ಬಿಡಿಸಬೇಕಾದವಳಿಗೇ ಪ್ರಿಯಾಂಕಾಳ ಮೇಲೆ ಕಣ್ಣು ಕಿಸುರಾಯಿತು.

"ಥೂ, ನನ್ನ ಬುದ್ಧಿಗಿಷ್ಟು," ಎಂದು ತನಗೆ ತಾನೇ ಬೈದುಕೊಂಡು ಸ್ಕೂಟರ್ ಹತ್ತಿದಳು.

* * *

ಬ್ಯಾಡಗಿಯೊಳಗೆ ಕಾಲಿಡುತ್ತಲೇ ಅವಳಿಗೆ ಸೀನು ಶುರುವಾಯಿತು. ಡಾಕಪ್ಪನ ಮನೆ ಮುಟ್ಟುವವರೆಗೂ ನಿಲ್ಲಲಿಲ್ಲ.

"ನೀರ ಕುಡೀರಿ ಬಾಯಾರ, ಹೊರಗಿನವರಿಗೆ ಘಾಟು ತಡಿಯೂದುಲ್ಲ," ಎಂದಳು ಮರಿಯವ್ವ. ಅಳು ಬತ್ತಿದ ಮುಖ. "ನನ್ನ ಮಗಳ್ನ ಯಾವಾಗ ಬಿಡ್ತಾರ್ರಿ? ಅತ್ಲಾಗ ಗಂಡ ಕಣ್ಣ ತೆರಿವಲ್ಲ, ಇತ್ಲಾಗ ಮಗಳು ಠಾಣೇದಾಗ. ನಾ ಯಾರ ಮುಂದ ಹೇಳ್ಲಿ?"

"ನಾಳೆ ಅನ್ನೂದ್ರಾಗ ಬಿಡಸ್ತೀನಿ. ನೀವು ಧೈರ್ಯಾ ಬಿಡಬ್ಯಾಡ್ರಿ."

ಅಂಗಳದ ಕಟ್ಟೆಯ ಮೇಲೆ ಡಾಕಪ್ಪನ ಬೆತ್ತದ ಕುರ್ಚಿ ಖಾಲಿ ಇತ್ತು. ಹೆಗಲ ವಸ್ತ್ರ ಅದರ ಬೆನ್ನಿಗೆ ಹಾಗೇ ನೇತಾಡುತ್ತಿತ್ತು. ಮಗ ಮಾಂತೇಶ ಅದರ ಮುಂದಿನಿಂದಲೇ ಚಪ್ಪಲಿ ಚಟ್‌ಪಟ್ ಎನಿಸುತ್ತ, ಫೋನಿನಲ್ಲಿ ಆಸ್ಪತ್ರೆಯವರೊಂದಿಗೆ ಮಾತಾಡುತ್ತ ಹಾಯ್ದುಹೋದ. ಅವನ ಹಿಂದೆ, ಹಿತ್ತಿಲಿನಿಂದ ಕೊಡ ಹೊತ್ತು ಸೊಸೆ ಸುಶ್ಮಿತಾ ಬಂದಳು. ಅಂಗಳದ ಅಂಚಿನಲ್ಲಿ ನಿಂತಳು. ಚಪ್ಪಲಿ ಕಳಚಿದಳು. ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಆ ಖಾಲಿ ಕುರ್ಚಿಯನ್ನು ದಾಟಿ ಒಳಗೆ ಹೋದಳು.

ಶ್ರೀವಾಣಿಯ ಮತ್ತೊಂದು ಸೀನು ಮೂಗಿನಲ್ಲೇ ನಿಂತುಬಿಟ್ಟಿತು.

"ಯಾಕ್ರಿ ಅವ್ವಾರ, ನಿಮ್ಮ ಸೊಸೆ ಚಪ್ಪಲಿ ಬಿಟ್ಟಳಲ್ಲ?"

"ನಮ್ಮ ಮನಿತನದಾಗ ಸೊಸ್ತೇರು ಮಾವನ ಮುಂದ ಚಪ್ಪಲಿ ಮೆಟ್ಟೂದುಲ್ರಿ," ಎಂದಳು ಮರಿಯವ್ವ, ದುಃಖದಲ್ಲೂ ಒಂದಿಷ್ಟು ಹೆಮ್ಮೆಯಿಂದ. "ನಾನೂ ಮೆಟ್ಟಿಲ್ಲ. ಹೊಲದಾಗಿರ್ಲಿ, ಬಜಾರದಾಗಿರ್ಲಿ, ಮಾವ ಎದುರ ಬಂದ್ರ ಕಾಲಾಗಿಂದ ತಗೀಬೇಕು. ಈಕಿಗಂತೂ ಎಷ್ಟ ರೂಢಿ ಆಗೇತಿ ಅಂದ್ರ, ಅವರು ಇಲ್ಲಂದ್ರೂ ಕುರ್ಚಿಗೆ ಮರ್ಯಾದಿ ಕೊಡ್ತಾಳ."

"ಪ್ರಿಯಾಂಕಾ?"

"ಮನಿ ಮಗಳಿಗೆ ಎಲ್ಲೀ ಕಟ್ಟಳಿರಿ? ಆಕಿ ಟಕ್ ಟಕ್ ಅನಕೋತ ಅಪ್ಪನ ಹಾಸಗಿ ತನಕ ಹೋಗ್ತಾಳ!"

ಪಾಪ, ಆ ಮುದುಕಿಗೆ ತಾನು ಮಗಳನ್ನು ಬಿಡಿಸುತ್ತಿದ್ದೇನೆ, ಸೊಸೆಯನ್ನು ಸಿಕ್ಕಿಸುತ್ತಿದ್ದೇನೆ ಎಂಬ ಅರಿವೇ ಇರಲಿಲ್ಲ. ಶ್ರೀವಾಣಿ ನೀರಿನ ಲೋಟ ಕೆಳಗಿಟ್ಟು ಅಡುಗೆಮನೆಯ ಕಡೆ ನಡೆದಳು.

* * *

ಸುಶ್ಮಿತಾ ಮಣೆಯ ಮೇಲೆ ಕೂತು ಹೀರೇಕಾಯಿ ಹೆರೆಯುತ್ತಿದ್ದಳು. ತುಂಬಿದ ಮುಖ, ಹಣೆಗೆ ದೊಡ್ಡ ಕುಂಕುಮ, ನೋಡಿದರೆ ಯಾರೂ ಕೆಟ್ಟ ಮಾತು ಆಡಲಾರರು. ಶ್ರೀವಾಣಿ ಎದುರಿಗೆ ನೆಲದ ಮೇಲೆಯೇ ಕುಳಿತಳು. ಕಣ್ಣು ನೇರ ಅವಳ ಕಾಲಿಗೆ ಹೋಯಿತು. ಬೆಳ್ಳಿಯ ಕಾಲುಂಗುರ, ಬಳ್ಳಿಯ ಕೆತ್ತನೆಯದು. ಪಾದ ತಿಕ್ಕಿ ತೊಳೆದಿದ್ದಳು. ಆದರೆ ಗಂಡ ಬದುಕಿರುವ ಹೆಂಗಸು ಕಾಲುಂಗುರ ತೆಗೆಯುವುದುಂಟೇ? ಕೆತ್ತನೆಯ ಸಂದಿಯಲ್ಲಿ ಬಿಳಿ ಬಣ್ಣ ಒಣಗಿ ಕೂತಿತ್ತು.

"ಭಾನುವಾರ ಮಧ್ಯಾಹ್ನ ಎಲ್ಲಿ ಹೋಗಿದ್ದಿ ತಂಗಿ?"

"ಕದರಮಂಡಲಗಿ ಹನುಮಪ್ಪಗ ಹೋಗಿದ್ನಿರಿ ಮೇಡಂ. ಪೊಲೀಸರಿಗೂ ಹೇಳೇನಿ."

"ಹನುಮಪ್ಪನ ಗುಡಿಯೊಳಗ ನೆಲಕ್ಕ ಬಿಳಿ ಬಣ್ಣ ಹಚ್ಚ್ಯಾರೇನು?"

ಹೀರೇಕಾಯಿ ಹೆರೆಯುವ ಕೈ ನಿಂತಿತು. ಸುಶ್ಮಿತಾ ತನ್ನ ಕಾಲನ್ನು ನೋಡಿಕೊಂಡಳು. ತಟ್ಟನೆ ಸೀರೆಯ ನೆರಿಗೆ ಎಳೆದು ಬೆರಳು ಮುಚ್ಚಿಕೊಂಡಳು.

"ಮುಚ್ಚಿದ್ರ ಏನಾತು," ಎಂದಳು ಶ್ರೀವಾಣಿ ಮೆಲ್ಲಗೆ. "ಮಾವನವರ ಮುಂದ ಚಪ್ಪಲಿ ಬಿಟ್ಟು ನಿಂತಿದ್ದಿ. ಮಾಳಿಗಿ ಮ್ಯಾಲೆ ನಿನ್ನ ಹೆಜ್ಜಿ ಅದ. ಪ್ರಿಯಾಂಕಾ ಚಪ್ಪಲಿ ಹಾಕ್ಕೊಂಡು ಇಳದಾಳ, ಕೇಳಿದವರದಾರ. ಆಕಿನ್ನ ನಾಳೆ ಕೋರ್ಟಿಗೆ ಒಯ್ತಾರ. ನೀ ಇಲ್ಲಿ ಹೀರೇಕಾಯಿ ಹೆರಕೋತ ಕೂತಿ."

ಸುಶ್ಮಿತಾ ಹೀರೇಕಾಯಿಯನ್ನು ಪಕ್ಕಕ್ಕಿಟ್ಟಳು. ಬಾಯಿ ತೆರೆದಾಗ ದನಿ ಬೇರೆಯೇ ಆಗಿತ್ತು.

"ಹೋಗಿದ್ನಿರಿ. ಹೌದು. ಗುಡಿಗೆ ಅಂತ ಬಸ್ ಹತ್ತಿದ್ನಿ, ಇಳೀಲಿಲ್ಲ. ಸೀದಾ ರಾಣೇಬೆನ್ನೂರಿಗೆ ಹೋದ್ನಿ."

"ಯಾಕ?"

"ನನ್ನ ಹೆಸರ ನೋಡಾಕ್ರಿ." ಅವಳ ಕಣ್ಣು ತುಂಬಿತು. "ನಗಬ್ಯಾಡ್ರಿ ಮೇಡಂ. ನನ್ನ ತವರಮನಿ ಗಳಗನಾಥ. ನಮ್ಮ ಮನ್ಯಾಗ ಹೆಣ್ಣಮಕ್ಕಳ ಹೆಸರ ಲಗ್ನಪತ್ರಿಕಾ ಮ್ಯಾಲೆ ಬಿಟ್ರ ಎಲ್ಲೂ ಬರದಿಲ್ಲ. ಇಲ್ಲಿಗೆ ಬಂದೆ, ಮಾವಾರು ಬಿಲ್ಡಿಂಗ್ ನನ್ನ ಹೆಸರಿಗೆ ಮಾಡಿದ್ರು. ತೆರಿಗಿ ಉಳೀತೈತಿ ಅಂತ ಮಾಡಿದ್ರು, ನನ್ನ ಮ್ಯಾಲಿನ ಪ್ರೀತಿಗಲ್ಲ, ಅದೂ ನನಗ ಗೊತ್ತೈತಿ. ಆದ್ರೂ ಬಸ್ ಇಳದು ಸುಶ್ಮಿತಾ ಕಾಂಪ್ಲೆಕ್ಸ್ ಅಂದ್ರ ಆಟೋದವ ಸೀದಾ ತಂದ ಬಿಡ್ತಾನ್ರಿ! ಸುಶ್ಮಿತಾ ಅಂದ್ರ ಯಾರು ಅಂತ ಅವಗ ಗೊತ್ತಿಲ್ಲ. ನನಗ ಗೊತ್ತೈತೆಲ್ಲ? ಬಾಡಿಗಿ ಒಂದ ರೂಪಾಯಿ ನಾ ಮುಟ್ಟಿಲ್ಲ. ನನಗ ಬೇಕಾಗಿದ್ದು ಆ ಹೆಸರ ಒಂದ."

"ಅದನ್ನ ಪ್ರಿಯಾಂಕಾಗ ಕೊಡ್ತೀನಿ ಅಂದ್ರು."

"ಆಕಿಗೆ ಏನ ಕಮ್ಮಿ ಇತ್ರಿ?" ಸುಶ್ಮಿತಾಳ ಮುಖ ಕೆಂಪಾಯಿತು. "ಅಪ್ಪನ ತೊಡಿ ಮ್ಯಾಲೆ ಬೆಳದಾಳ. ಹಬ್ಬಕ್ಕ ಬರ್ತಾಳ, ಬಂಗಾರ ಹಾಕ್ಕೊಂಡ ಹೋಗ್ತಾಳ. ನಾ ಬಾನ ಮಾಡಿ ಬಡಸ್ತೇನಿ, ಆಕಿ ಉಂಡು ಎದ್ದು, ವೈನಿ, ಉಪ್ಪ ಹೆಚ್ಚಾಗೇತಿ ಅಂತಾಳ. ಕಾನೂನ ಸೈತ ಆಕೀ ಕಡೇನ! ಸೊಸಿಗೆ ಕೊಟ್ರ ಲೆಕ್ಕಕ್ಕಿಲ್ಲಂತ, ಮಗಳಿಗೆ ಕೊಟ್ರ ಖರೇ ಕೊಟ್ಟಂಗಂತ. ಹೊಟ್ಟ್ಯಾಗ ಬೆಂಕಿ ಬಿತ್ರಿ ಮೇಡಂ. ಇದ್ದದ್ದ ಹೇಳ್ತೇನಿ."

ಆ ಬೆಂಕಿ ಯಾವ ಒಲೆಯದು ಎಂದು ಶ್ರೀವಾಣಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಇಲ್ಲ ಅನಬೇಕಿತ್ತು. ಕಟ್ಟಡ ನಿನ್ನ ಹೆಸರಿನಾಗ ಅದ. ನೀ ಸಹಿ ಮಾಡದ ಅದು ಯಾರ ಹೆಸರಿಗೂ ಹೋಗೂದಿಲ್ಲ."

"ಮಾವನ ಮುಂದ ಚಪ್ಪಲಿ ಹಾಕಲಾರದಾಕಿಗೆ ಇಲ್ಲ ಅನ್ನಾಕ ಬಾಯಿ ಬರ್ತೈತೇನ್ರಿ?"

ಶ್ರೀವಾಣಿ ಹೀರೇಕಾಯಿಯ ಸಿಪ್ಪೆಯೊಂದನ್ನು ಬೆರಳಿಗೆ ಸುತ್ತಿಕೊಂಡಳು.

"ನಾ ಹಿಂದಿನ ಮೆಟ್ಟಲ ಹತ್ತಿ ಹೋದ್ನಿ," ಎಂದಳು ಸುಶ್ಮಿತಾ. "ನೀರಿನ ಟಾಕಿ ಮರಿಗೆ ನಿಂತ್ನಿ. ಅಪ್ಪ ಮಗಳು ಜಗಳಾಡಾಕತ್ತಿದ್ರು. ಆಕಿ ಬ್ಯಾಡ ಅಂದ್ಲು, ಅಪ್ಪಾ ಅದು ವೈನಿ ಹೆಸರಿನಾಗ ಇರ್ಲಿ ಬಿಡು, ನನಗ್ಯಾಕ ಇದರ ಉಸಾಬರಿ ಅಂದ್ಲು, ಅಳಕೋತ ಹೋದ್ಲು. ನೀವ ಹೇಳ್ರಿ, ನನಗ ಹಾಲ ಕುಡದಷ್ಟ ಸಂತೋಷ ಆಗಬೇಕಿತ್ತಿಲ್ಲ? ಇನ್ನಷ್ಟ ಉರೀತ್ರಿ! ನಾ ಜೀವಾ ಇಟ್ಟಗೊಂಡದ್ದನ್ನ ಆಕಿ ಬ್ಯಾಡಂತ ಒಗದ್ಲು. ಅಷ್ಟ ಸಸ್ತಾ ಏನ್ರಿ ನನ್ನ ಹೆಸರು?"

"ಆಮ್ಯಾಲೆ?"

"ಚಪ್ಪಲಿ ಬಿಟ್ಟು ಮಾವಾರ ಹಿಂದ ಹೋಗಿ ನಿಂತ್ನಿ. ಅವರು ಬಗ್ಗಿ ನನ್ನ ಹೆಸರು ಬಿಚ್ಚಾಕತ್ತಿದ್ರು. ಸಹಿ ಸೈತ ಆಗಿಲ್ಲ ಇನ್ನ! ಮಾವಾರ ಅಂದ್ನಿ. ಹೊಳ್ಳಿ ನೋಡ್ಲಿಲ್ಲ. ನಾಳೆ ಬಂದು ಸಹಿ ಮಾಡವಾ ಅಂದ್ರು, ಸ್ಪ್ಯಾನರ್ ತಿರುವಿಕೋತನ..."

ಅವಳ ಕೈ ತಾನಾಗಿ ಮುಂದೆ ಚಾಚಿತ್ತು, ಎರಡೂ ಅಂಗೈ ಅಗಲವಾಗಿ. ಶ್ರೀವಾಣಿ ಆ ಕೈಗಳನ್ನೇ ನೋಡಿದಳು.

"ಆಮ್ಯಾಲೆ ಏನಾತು ತಂಗಿ?"

ಬಾಗಿಲಲ್ಲಿ ನೆರಳು ಬಿತ್ತು. ಮಾಂತೇಶ ನಿಂತಿದ್ದ. ಅವನ ಹಿಂದೆ ಮರಿಯವ್ವ. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದರೋ!

ಸುಶ್ಮಿತಾ ಗಂಡನ ಮುಖ ನೋಡಿದಳು. ಅತ್ತೆಯ ಮುಖ ನೋಡಿದಳು. ಚಾಚಿದ ಕೈಗಳು ಮಡಿಲಿಗೆ ಬಿದ್ದವು.

"ಆಮ್ಯಾಲೆ ವಿಕ್ರಮ ಸರ್ ಬಂದ್ರು," ಎಂದಳು.

* * *

"ಯಾವ ವಿಕ್ರಮ?" ಎಂದು ಮಾಂತೇಶ ಗುಡುಗಿದ.

"ತೆರಿಗಿ ನೋಡೂ ವಿಕ್ರಮ ಸರ್. ಮಾವಾರು ನೋಟಿಸಿನ ಸಂಬಂಧ ಅವರಿಗೆ ಭಾಳ ಬೈದ್ರು. ನಿನ್ನ ಮಾತ ಕೇಳಿ ನಾ ಹಾಳಾದ್ನಿ, ನಿನ್ನ ಮ್ಯಾಲೆ ಕೇಸ್ ಹಾಕ್ತೇನಿ, ಊರೆಲ್ಲ ನಿನ್ನ ಮಾನಾ ಕಳೀತೇನಿ ಅಂದ್ರು. ನಾ ಹೆದರಿ ಹಿಂದಿನ ಮೆಟ್ಟಲ ಇಳದ್ನಿ. ಅರ್ಧಕ್ಕ ಬಂದಿದ್ನಿ, ಧಡ್ ಅಂತ ಸಪ್ಪಳಾತು. ವಿಕ್ರಮ ಸರ್ ಇಳದು ತಮ್ಮ ಆಫೀಸಿನೊಳಗ ಹೊಕ್ಕಿದ್ದನ್ನ ನಾ ಕಣ್ಣಾರೆ ನೋಡೇನ್ರಿ. ಆ ದೊಡ್ಡ ಮನಶ್ಯಾರ ಹೆಸರ ಹೇಳಾಕ ನನಗ ಧೈರ್ಯ ಆಗ್ಲಿಲ್ಲ."

ಈವರೆಗೆ ತಡೆತಡೆದು ಬಂದ ಮಾತು ಈಗ ನಲ್ಲಿ ತಿರುವಿದಂತೆ ಬಂತು. ಒಂದು ಬಿಕ್ಕಳಿಕೆ ಇಲ್ಲ, ಒಂದು ತಡವರಿಕೆ ಇಲ್ಲ. ಸುಳ್ಳು. ಶ್ರೀವಾಣಿಗೆ ಅದು ಸುಳ್ಳೆಂದು ಊಹೆಯಿಂದಲ್ಲ, ಖಾತ್ರಿಯಾಗಿ ಗೊತ್ತಿತ್ತು.

ಏಕೆಂದರೆ ಭಾನುವಾರ ಮಧ್ಯಾಹ್ನದ ಊಟದಿಂದ ಸಂಜೆಯ ಚಹಾದವರೆಗೆ ವಿಕ್ರಮ ಹಾವೇರಿಯಲ್ಲಿ, ಇವಳ ಮುಂದೆಯೇ ಕೂತಿದ್ದ.

ಅಪ್ಪನ ಮನೆ ಇಬ್ಬರ ಹೆಸರಿನಲ್ಲಿತ್ತು. ಅದನ್ನು ಮಾರಬೇಕು, ನೀನು ನಿನ್ನ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಮಾಡು ಎಂದು ಬಂದಿದ್ದ. ಕೈಯಲ್ಲಿ ಅಂಗಡಿಯ ಚೀಲದೊಳಗೆ ಒಂದು ಸೀರೆ. ಹಕ್ಕು ಬಿಡುವ ಅಕ್ಕಂದಿರಿಗೆ ತಮ್ಮಂದಿರು ತರುವ ಸೀರೆ! "ಒಬ್ಬರ ಹೆಸರಿನಾಗ ಇದ್ರ ತೆರಿಗಿಗೆ ಛಲೋ ಅಕ್ಕಾ, ನಿನಗ ಇದೆಲ್ಲ ತಿಳಿಯೂದಿಲ್ಲ," ಎಂದಿದ್ದ. ತಿಳಿಯೂದಿಲ್ಲವಂತೆ! ಇಬ್ಬರು ಒಡೆಯರಿದ್ದರೆ ಮಾರಿದ ಲಾಭವನ್ನು ಹೊಸ ಮನೆಗೆ ಹಾಕಿ ಇಬ್ಬರೂ ಬೇರೆಬೇರೆ ವಿನಾಯಿತಿ ಪಡೆಯಬಹುದು ಎಂದು ಅವನಿಗೆ ಕಲಿಸಿದವಳೇ ಇವಳು. ಇವಳು ಬಡಿಸಿದ್ದನ್ನೆಲ್ಲ ಉಂಡು, ಪೆನ್ನು ತೆಗೆದು ಕೈಗೆ ಕೊಟ್ಟಿದ್ದ. ವಿಚಾರ ಮಾಡಿ ಹೇಳ್ತೀನಿ ಎಂದು ಇವಳು ಪೆನ್ನು ಪಕ್ಕಕ್ಕಿಟ್ಟಿದ್ದಳು. ಮನೆಯಲ್ಲಿ ಆ ಹೊತ್ತು ಮೂರನೆಯವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ಮಾಂತೇಶ ಅಶ್ಫಾಕನಿಗೆ ಫೋನು ಹಚ್ಚಿ, ಹೆಂಡತಿ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒದರಿಬಿಟ್ಟಿದ್ದ. ಆ ಕಡೆಯ ದನಿ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಒತ್ತಿ ಫೋನನ್ನು ಶ್ರೀವಾಣಿಯ ಮುಂದೆ ಹಿಡಿದ.

"ಬಾಯಾರ, ಅದೀರೇನ್ರಿ?" ಅಶ್ಫಾಕನ ದನಿ ಗಂಭೀರವಾಗಿತ್ತು. "ವಿಕ್ರಮ ಸಾಹೇಬ್ರು ಡಾಕಪ್ಪನ ಕಾಗದಪತ್ರ ಕೊಡಾಕ ಬಂದಾರ, ಇಲ್ಲೇ ನನ್ನ ಮುಂದ ಕುಂತಾರ. ಭಾನುವಾರ ಮಧ್ಯಾಹ್ನ ಹಾವೇರ್‍ಯಾಗ ನಿಮ್ಮ ಮನ್ಯಾಗ ಇದ್ನಿ ಅಂತಾರ. ಫೋನು ಇಲ್ಲೇ ಆಫೀಸಿನಾಗ ಮರತು ಹೋಗಿದ್ರಂತ, ಹಿಂಗಾಗಿ ಟವರಿನ ಲೆಕ್ಕಾ ತಗಸಿದ್ರೂ ರಾಣೇಬೆನ್ನೂರ ತೋರಸ್ತೈತಿ. ಅವರಿಗೆ ನಿಮ್ಮದೊಂದ ಮಾತ ಆಧಾರ. ಖರೇ ಏನ್ರಿ?"

ಖರೆ ಎಂದರೆ ವಿಕ್ರಮ ಎದ್ದು ಮನೆಗೆ ಹೋಗುತ್ತಾನೆ, ಬಿಳಿ ಬಣ್ಣದ ಹೆಜ್ಜೆ ಸುಶ್ಮಿತಾಳ ಕೊರಳಿಗೆ ಬರುತ್ತದೆ, ಪ್ರಿಯಾಂಕಾ ಹೊರಬರುತ್ತಾಳೆ. ಇಲ್ಲ ಎಂದರೆ? ಇಲ್ಲ ಎಂದರೂ ಪ್ರಿಯಾಂಕಾ ಹೊರಬರುತ್ತಾಳೆ. ಮರಿಯವ್ವನಿಗೆ ಕೊಟ್ಟ ಮಾತು ಎರಡು ದಾರಿಯಲ್ಲೂ ಉಳಿಯುತ್ತದೆ. ಆ ಯೋಚನೆ ತಲೆಗೆ ಬಂದದ್ದಕ್ಕೇ ಶ್ರೀವಾಣಿಗೆ ತನ್ನ ಮೇಲೆ ನಾಚಿಕೆಯಾಯಿತು. ಛೇ, ಒಡಹುಟ್ಟಿದವನು. ಎತ್ತಿ ಆಡಿಸಿದ ಕೂಸು. ಖರೆ ಎಂದು ಹೇಳಲು ಅವಳು ಬಾಯಿ ತೆರೆದೇ ಬಿಟ್ಟಳು.

ಫೋನಿನೊಳಗಿಂದ ವಿಕ್ರಮನ ದನಿ ಬಂತು. ಹೆದರಿಕೆಯ ದನಿಯಲ್ಲ, ಬೇಸರದ ದನಿ.

"ಅಕ್ಕಾ, ಹೌದು ಅಂತ ಹೇಳಿ ಮುಗಸು ಲಗೂನ. ಆಫೀಸಿನಾಗ ಮಂದಿ ಕಾಯ್ಲಿಕ್ಕತ್ಯಾರ. ನಿನ್ನಂಗ ನನಗ ಖಾಲಿ ಕೂಡ್ಲಿಕ್ಕೆ ಪುರಸೊತ್ತಿಲ್ಲ."

ಶ್ರೀವಾಣಿ ಬಾಯಿ ಮುಚ್ಚಿದಳು.

"ಇಲ್ರಿ ಇನ್ಸ್‌ಪೆಕ್ಟರ್ ಸಾಹೇಬ್ರ," ಎಂದಳು. "ಅಂವ ನಮ್ಮ ಮನಿಗೆ ಬಂದಿಲ್ಲ."

"ಅಕ್ಕಾ!" ಎಂದು ಆ ಕಡೆಯಿಂದ ಒಂದು ಕೂಗು. ಕುರ್ಚಿ ಉರುಳಿದ ಸದ್ದು. ಯಾರೋ ಯಾರನ್ನೋ ಹಿಡಿದು ಕೂರಿಸಿದ ಸದ್ದು. "ಆತ್ರಿ ಬಾಯಾರ," ಎಂದ ಅಶ್ಫಾಕ, ಒಂದಿಷ್ಟು ಅಚ್ಚರಿಯಿಂದಲೇ. ಫೋನು ಕಟ್ಟಾಯಿತು.

ಮರಿಯವ್ವ ಓಡಿಬಂದು ಶ್ರೀವಾಣಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ತಮ್ಮ ಅಂತ ನೋಡಲಿಲ್ಲ ನೋಡ್ರಿ ನೀವು! ನ್ಯಾಯಾ ಅಂದ್ರ ಇದು! ನನ್ನ ಮಗಳು ಬರ್ತಾಳ!" ಎಂದು ಅಳುತ್ತಲೇ ನಗುತ್ತ, ಮಾಂತೇಶನ ತೋಳು ಎಳೆಯುತ್ತ, ಗಾಡಿ ತೆಗಿ ನಡಿ ಎನ್ನುತ್ತ ಅಂಗಳಕ್ಕೆ ಹೋದಳು.

ಅಡುಗೆಮನೆಯಲ್ಲಿ ಇಬ್ಬರೇ ಉಳಿದರು.

ಸುಶ್ಮಿತಾ ಅಳುವುದನ್ನು ಯಾವಾಗಲೋ ನಿಲ್ಲಿಸಿದ್ದಳು. ವಿಕ್ರಮ ಟೆರೇಸಿನ ಮೇಲೆ ಇರಲಿಲ್ಲ ಎಂದು ಈ ಮನೆಯಲ್ಲಿ ಕಣ್ಣಾರೆ ಬಲ್ಲವಳು ಅವಳೊಬ್ಬಳೇ. ಅವನು ಎಲ್ಲಿದ್ದನೆಂದು ಈಗ ಫೋನಿನಲ್ಲಿ ಅವಳೂ ಕೇಳಿದ್ದಳು. ಅವಳು ಶ್ರೀವಾಣಿಯ ಮುಖವನ್ನು ಒಂದು ಗಳಿಗೆ, ಬಜಾರಿನಲ್ಲಿ ಸೀರೆಯ ಅಂಚು ನೋಡುವ ಹಾಗೆ, ನಿಧಾನವಾಗಿ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ಒಲೆ ಹಚ್ಚಿ ಪಾತ್ರೆಗೆ ಹಾಲು ಸುರಿದಳು.

"ಚಹಾ ಕುಡದ ಹೋಗ್ರಿ ಅಕ್ಕಾರ," ಎಂದಳು ಮೆಲ್ಲಗೆ, ಅಂಗಳದವರಿಗೆ ಕೇಳದಷ್ಟು. "ಭಾನುವಾರ ತಮ್ಮಗ ಏನ ಅಡಗಿ ಮಾಡಿದ್ರಿ?"